ಕಾಡುದಾರಿಯ ಕಿರುಜೀವಿಗಳು

ಮಳೆಗಾಲವು ಹಿಂದೆಗೆದು ಮಲೆನಾಡಿನ ಗದ್ದೆಗಳಲ್ಲಿ ಪೈರು ತೆನೆಗಟ್ಟುವ ದಿನಗಳು ಬಂದೊಡನೆ, ಬಯಲುಸೀಮೆಯ ಅನೇಕ ಸಂಸಾರಗಳು ಘಟ್ಟದ ಕಡೆಗೆ ಪ್ರಯಾಣ ಹೊರಡುವುದುಂಟು. ನವರಾತ್ರಿಯ ಬಿಡುವು, ದೀಪಾವಳಿಯ ಬಿಡುವು, ಶೃಂಗೇರಿಯ ದರ್ಶನ, ನೆಂಟರ ಮನೆಯ ಶುಭಕಾರ್ಯ, ಹೀಗೆ ನೆಪಗಳು ಹಲವು. ಹೋದವರು ಹಿಂದಿರುಗುವಾಗ ತರುವ ಚಿತ್ರಗಳು ಮಾತ್ರ ಬಹುಮಟ್ಟಿಗೆ ಒಂದೇ ಬಗೆಯವು: ಜಲಪಾತದ ಮುಂದೆ ಸಾಲಾಗಿ ನಿಂತ ಮನೆಮಂದಿ, ಸೂರ್ಯಾಸ್ತಮಾನಕ್ಕೆ ಬೆನ್ನು ತಿರುಗಿಸಿ ನಿಂತ ಅದೇ ಮನೆಮಂದಿ. ಇವು ಬೇಡವೆಂದು ನಾವು ಹೇಳುವುದಿಲ್ಲ. ಮನೆಯ ಹಿರಿಯರ ನಗುಮುಖವನ್ನು ಮುಂದಿನ ತಲೆಮಾರಿಗೆ ಉಳಿಸಿಕೊಡುವ ಚಿತ್ರವು ಎಂದಿಗೂ ವ್ಯರ್ಥವಲ್ಲ. ಆದರೆ ಜಲಪಾತವನ್ನು ತಲಪುವ ಮುನ್ನ ಮೈಲಿಗಟ್ಟಲೆ ಕಾಡುದಾರಿಯನ್ನು ನಡೆದು ಹೋದೆವಲ್ಲ, ಆ ದಾರಿಯಲ್ಲಿ ನಾವು ಕಂಡುದೇನು? ‘ಮರಗಳು’ ಎಂಬುದೇ ಹೆಚ್ಚಿನವರ ಉತ್ತರ. ಮರದ ತೊಗಟೆಯ ಮೇಲೆ, ಎಲೆಯ ಅಡಿಯಲ್ಲಿ, ಕಾಲಬುಡದ ತರಗಿನಲ್ಲಿ ಗೇಣುಗೇಣಿಗೂ ಒಂದೊಂದು ಸಂಸಾರವು ನಡೆಯುತ್ತಿದ್ದುದು ಅವರ ಲಕ್ಷ್ಯಕ್ಕೆ ಬಂದೇ ಇರುವುದಿಲ್ಲ.

ಇಂತಹ ಕಾಡುದಾರಿಯಲ್ಲಿ ಹುಳು, ಚಿಟ್ಟೆ, ಜೇಡಗಳ ಚಿತ್ರವನ್ನು ತೆಗೆಯುವ ವಿಚಾರವಾಗಿ ಈ ತಿಂಗಳು ಕೆಲವು ಮಾತುಗಳನ್ನು ಹೇಳಬೇಕೆಂದಿರುವೆವು. ಒಂದು ಕಾಲದಲ್ಲಿ ಇದು ಹಣವಂತರ ಹವ್ಯಾಸವಾಗಿತ್ತು. ಈಗಲಾದರೋ ಮನೆಯಲ್ಲಿ ನಾಲ್ವರಿದ್ದರೆ ನಾಲ್ವರ ಕೈಯಲ್ಲಿಯೂ ಚಿತ್ರ ತೆಗೆಯುವ ಯಂತ್ರವು ಫೋನಿನ ರೂಪದಲ್ಲಿ ಇದ್ದೇ ಇರುವುದು. ಯಂತ್ರವು ಸುಲಭವಾದಷ್ಟೂ ಅದನ್ನು ಹಿಡಿದ ಕೈಯ ಹೊಣೆಯು ಹೆಚ್ಚುವುದೆಂಬುದನ್ನು ಮಾತ್ರ ನಾವು ಮರೆಯಬಾರದು.

ಉದಾಹರಣೆಗೆ ಆಗುಂಬೆಯನ್ನೇ ತೆಗೆದುಕೊಳ್ಳೋಣ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಈ ಊರು ಪಶ್ಚಿಮಘಟ್ಟದ ಅಂಚಿನಲ್ಲಿರುವುದು. ಕಡಲಿನಿಂದ ಬರುವ ಮೋಡಗಳು ಘಟ್ಟವನ್ನು ಹತ್ತುವಾಗ ಇಲ್ಲಿ ತಮ್ಮ ಭಾರವನ್ನು ಇಳಿಸುವುದರಿಂದ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೀರಿದ ಮಳೆ ಬೀಳುವುದು. ಜೋಗಿಗುಂಡಿ, ಒನಕೆ ಅಬ್ಬಿ, ಬರ್ಕಣ ಮೊದಲಾದ ಜಲಪಾತಗಳ ಕಡೆಗೆ ಹೋಗುವ ಹಾದಿಗಳು ಸದಾ ಹಸಿರಾದ ಕಾಡಿನ ಸೀಮೆಯಲ್ಲಿವೆ. ಪಶ್ಚಿಮಘಟ್ಟದ ೩೯ ತಾಣಗಳನ್ನು ೨೦೧೨ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆಗುಂಬೆಯ ಹೆಸರನ್ನು ಕೇಳಿದೊಡನೆ ಜನರಿಗೆ ಕಾಳಿಂಗಸರ್ಪದ ನೆನಪಾಗುವುದು ಸಹಜ. ಅದರ ಅಧ್ಯಯನಕ್ಕೆ ಹೆಸರಾದ ಮಳೆಕಾಡಿನ ಸಂಶೋಧನ ಕೇಂದ್ರವೊಂದು ೨೦೦೫ರಿಂದಲೂ ಅಲ್ಲಿರುವುದು. ಆದರೆ ಕಾಳಿಂಗವು ಕಾಣಸಿಗುವುದು ಭಾಗ್ಯವಿದ್ದವರಿಗೆ. ಕಿರುಜೀವಿಗಳ ದರ್ಶನವು ಹಾಗಲ್ಲ. ನಿಂತು ನೋಡುವ ವ್ಯವಧಾನವಿದ್ದವರಿಗೆಲ್ಲ ಅದು ದೊರೆಯುವುದು.

ಮೊದಲು ಒಂದು ಸಣ್ಣ ವಿವೇಚನೆ. ಜೇಡವನ್ನು ನಾವು ವಾಡಿಕೆಯಲ್ಲಿ ಹುಳುವೆಂದು ಕರೆದರೂ ಅದು ಕೀಟಗಳ ವರ್ಗಕ್ಕೆ ಸೇರಿದುದಲ್ಲ. ಕೀಟಕ್ಕೆ ಕಾಲುಗಳು ಆರು; ಶರೀರವು ತಲೆ, ಎದೆ, ಹೊಟ್ಟೆಯೆಂದು ಮೂರು ಭಾಗ; ತಲೆಯ ಮೇಲೆ ಒಂದು ಜೊತೆ ಮೀಸೆ. ಜೇಡಕ್ಕೆ ಕಾಲುಗಳು ಎಂಟು; ಶರೀರವು ಎರಡೇ ಭಾಗ; ಮೀಸೆಯೂ ಇಲ್ಲ, ರೆಕ್ಕೆಯೂ ಇಲ್ಲ. ಈವರೆಗೆ ವಿಜ್ಞಾನಿಗಳು ಹೆಸರಿಟ್ಟಿರುವ ಕೀಟಗಳ ಜಾತಿಗಳು ಸುಮಾರು ೧೦ ಲಕ್ಷ; ಜೇಡಗಳ ಜಾತಿಗಳು ೫೦,೦೦೦ಕ್ಕೂ ಮಿಗಿಲು. ಹೆಸರಿಲ್ಲದೆ ಉಳಿದಿರುವುವು ಇನ್ನೂ ಬಹಳವಿರುವುದರಿಂದ, ಕಾಡುದಾರಿಯಲ್ಲಿ ನಮ್ಮ ಕಣ್ಣಿಗೆ ಬಿದ್ದ ಒಂದು ಸಣ್ಣ ಜೀವಿಯ ಪರಿಚಯವು ಇನ್ನಾರಿಗೂ ಇಲ್ಲದಿರಬಹುದು. ಈ ಮಾತು ಅತಿಶಯವಲ್ಲವೆಂಬುದನ್ನು ಮುಂದೆ ನೋಡುವೆವು.

ಈಗ ಸಲಕರಣೆಯ ಮಾತು. ಅಣುರೂಪದ ಜೀವಿಗಳನ್ನು ಹಿಗ್ಗಿಸಿ ನೋಡುವ ಆಸೆ ಮನುಷ್ಯನಿಗೆ ಹಳೆಯದು. ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ೧೬೬೫ರಲ್ಲಿ ಸೂಕ್ಷ್ಮದರ್ಶಕದ ಮೂಲಕ ನೋಡಿ ಚಿಗಟ, ಹೇನುಗಳ ದೊಡ್ಡ ಚಿತ್ರಗಳನ್ನು ಪ್ರಕಟಿಸಿ ಲೋಕವನ್ನು ಬೆರಗುಗೊಳಿಸಿದನು. ಛಾಯಾಗ್ರಹಣವು ಹುಟ್ಟಿದ ಹೊಸತರಲ್ಲಿಯೇ, ೧೮೪೦ರ ಸುಮಾರಿಗೆ, ಅದೇ ದೇಶದ ಫಾಕ್ಸ್ ಟಾಲ್ಬಟ್ ಎಂಬಾತನು ಕೀಟದ ರೆಕ್ಕೆಗಳನ್ನು ಹಿಗ್ಗಿಸಿ ಚಿತ್ರ ತೆಗೆದನು. ಇಂದು ಅಷ್ಟು ಶ್ರಮವಿಲ್ಲ. ಕ್ಯಾಮೆರಾ ಉಳ್ಳವರಿಗೆ ಮ್ಯಾಕ್ರೋ ಎಂಬ ವಿಶೇಷ ಮಸೂರವು ದೊರೆಯುವುದು. ಫೋನು ಮಾತ್ರ ಉಳ್ಳವರು ಅದರ ಮೇಲೆ ಸಿಕ್ಕಿಸುವ ಪುಟ್ಟ ಮಸೂರವನ್ನು ಅಲ್ಪ ಬೆಲೆಗೆ ಕೊಳ್ಳಬಹುದು. ಆರಂಭಕ್ಕೆ ಇಷ್ಟೇ ಸಾಕು.

ಹತ್ತಿರ ಹೋದಷ್ಟೂ ಒಂದು ತೊಡಕು ಎದುರಾಗುವುದು. ದೂರದ ಬೆಟ್ಟದ ಚಿತ್ರದಲ್ಲಿ ಬೆಟ್ಟವೂ ಮರವೂ ಒಟ್ಟಿಗೆ ಸ್ಫುಟವಾಗಿ ಮೂಡುವುವು. ಇರುವೆಯೊಂದನ್ನು ಅದರ ನಿಜವಾದ ಗಾತ್ರದಲ್ಲಿಯೇ ಮಸೂರದೊಳಗೆ ತುಂಬಿಸಿದಾಗ ಸ್ಫುಟವಾಗಿ ಮೂಡುವ ಆಳವು ಸುಮಾರು ಒಂದೆರಡು ಮಿಲಿಮೀಟರು ಮಾತ್ರ. ಅದರ ಮುಂದಿನದೂ ಹಿಂದಿನದೂ ಮಸುಕು. ಆದಕಾರಣ ಬಲ್ಲವರು ಎರಡು ನಿಯಮಗಳನ್ನು ಪಾಲಿಸುವರು. ಜೀವಿಯ ಕಣ್ಣು ಸ್ಫುಟವಾಗಿರಲೇಬೇಕೆಂಬುದು ಮೊದಲನೆಯದು. ಕಣ್ಣು ಮಸುಕಾದರೆ ಉಳಿದುದೆಲ್ಲ ಚೆನ್ನಾಗಿದ್ದರೂ ಚಿತ್ರಕ್ಕೆ ಜೀವ ಬಾರದು. ಚಿಟ್ಟೆಯು ರೆಕ್ಕೆ ಮುಚ್ಚಿ ಕುಳಿತಾಗ ಮಸೂರವನ್ನು ಆ ರೆಕ್ಕೆಗೆ ಸಮಾನಾಂತರವಾಗಿ ಹಿಡಿಯಬೇಕೆಂಬುದು ಎರಡನೆಯದು. ಆಗ ರೆಕ್ಕೆಯ ತುದಿಯಿಂದ ಬುಡದವರೆಗೆ ಎಲ್ಲವೂ ಒಂದೇ ಸಮನಾಗಿ ಬರುವುದು. ಕಾಡಿನೊಳಗೆ ಬೆಳಕು ಕಡಿಮೆಯಾದುದರಿಂದ ಫ್ಲ್ಯಾಷ್ ದೀಪ ಬೇಕಾಗಬಹುದು. ಅದನ್ನು ಹಾಗೆಯೇ ಹಾಯಿಸಿದರೆ ಕೀಟದ ಮೈಯ ಮೇಲೆ ಬಿಳಿಯ ಮಚ್ಚೆಗಳು ಬೀಳುವುವು. ತೆಳುವಾದ ಬಿಳಿಯ ಬಟ್ಟೆಯನ್ನೋ ಕಾಗದವನ್ನೋ ಅದರ ಮುಂದೆ ಕಟ್ಟಿದರೆ ಬೆಳಕು ಸೋಸಿದಂತಾಗಿ ಬಣ್ಣಗಳು ಹಿತವಾಗಿ ಕಾಣುವುವು.

ವೇಳೆಯ ಆಯ್ಕೆಯೂ ಮುಖ್ಯವಾದುದು. ಕೀಟಗಳ ಮೈಯ ಬಿಸುಪು ಬಹುಮಟ್ಟಿಗೆ ಸುತ್ತಲಿನ ಹವೆಯನ್ನು ಅನುಸರಿಸುವುದರಿಂದ, ಬೆಳಗಿನ ಜಾವದ ತಂಪಿನಲ್ಲಿ ಅವು ಮಂದಗತಿಯಲ್ಲಿರುವುವು. ಕೊಡತಿಯ ರೆಕ್ಕೆಯ ಮೇಲೆ ಇಬ್ಬನಿಯ ಹನಿಗಳು ಸಾಲಾಗಿ ನಿಂತಿರುವುದನ್ನು ನೋಡಬೇಕಾದರೆ ಬಿಸಿಲೇರುವ ಮುನ್ನವೇ ಹೊರಡಬೇಕು. ಗಾಳಿಯೂ ಆಗ ಮಂದವಾಗಿರುವುದು. ಇದಕ್ಕಿಂತಲೂ ಮುಖ್ಯವಾದ ಒಂದು ಉಪಾಯವುಂಟು: ಹೆಚ್ಚು ದೂರ ನಡೆಯದಿರುವುದು. ಗಂಟೆಗೆ ಮೂರು ಮೈಲಿ ನಡೆದವನಿಗೆ ಸಿಗದ ಚಿತ್ರವು ಗಂಟೆಗೆ ಮೂವತ್ತು ಮಾರು ನಡೆದವನಿಗೆ ಸಿಗುವುದು.

ಇನ್ನು ದಾರಿಯನ್ನು ಹಿಡಿಯೋಣ. ಮಳೆಯ ನಂತರ ಎರಡು ಮರಗಳ ನಡುವೆ ಹಾದಿಗೆ ಅಡ್ಡಲಾಗಿ ಕಟ್ಟಿದ ದೊಡ್ಡ ಬಲೆಯೊಂದು ಎದುರಾಗುವುದು ಸಾಮಾನ್ಯ. ಇದು ದೈತ್ಯ ಕಾಡುಜೇಡದ ಬಲೆ. ಬಿಸಿಲು ಓರೆಯಾಗಿ ಬಿದ್ದಾಗ ಆ ನೂಲು ಹೊಂಬಣ್ಣಕ್ಕೆ ಹೊಳೆಯುವುದು. ನಡುವೆ ತಲೆಕೆಳಗಾಗಿ ಕುಳಿತಿರುವುದು ಹೆಣ್ಣು. ಅದರ ಶರೀರವೇ ೩ರಿಂದ ೫ ಸೆಂಟಿಮೀಟರು ಉದ್ದವಿರುವುದು, ಕಾಲು ಚಾಚಿದರೆ ನಮ್ಮ ಅಂಗೈಯನ್ನು ತುಂಬುವುದು. ಇದರ ಗಂಡು ಎಲ್ಲಿ? ಬಲೆಯ ಮೇಲಂಚನ್ನು ಕಣ್ಣಿಟ್ಟು ನೋಡಿದರೆ ಅರ್ಧ ಸೆಂಟಿಮೀಟರಿನ ಕೆಂಚು ಬಣ್ಣದ ಚುಕ್ಕೆಯೊಂದು ಕಾಣುವುದು. ಅದೇ ಯಜಮಾನ! ಹೆಂಡತಿಯ ದೃಷ್ಟಿಗೆ ಬೀಳದಂತೆ ಅಂಚಿನಲ್ಲಿಯೇ ಕಾಲ ಕಳೆಯುವುದು ಅವನಿಗೆ ಕ್ಷೇಮ. ಇದೇ ಬಲೆಯಲ್ಲಿ ಬೆಳ್ಳಿಯ ಹನಿಯಂತಹ ಇನ್ನೊಂದು ಜಾತಿಯ ಪುಟ್ಟ ಜೇಡಗಳು ಬಾಡಿಗೆ ಕೊಡದ ಬಿಡಾರದವರಂತೆ ನೆಲಸಿ, ಬಲೆಗೆ ಬಿದ್ದ ಸಣ್ಣ ಹುಳುಗಳನ್ನು ಕದ್ದು ತಿನ್ನುತ್ತಿರುವುವು. ಒಂದು ಬಲೆಯ ಮುಂದೆ ಕಾಲು ಗಂಟೆ ನಿಂತರೆ ಒಂದು ಮನೆಯ ಕಥೆಯೇ ತಿಳಿಯುವುದು. ಇಂತಹ ಬಲೆಯನ್ನು ಕಂಡಾಗ ಕೋಲಿನಿಂದ ಹರಿದು ಮುಂದೆ ಸಾಗುವವರನ್ನು ನೋಡಿರುವೆವು. ಜೇಡದ ನೂಲು ಅದು ತಿಂದ ಆಹಾರದ ಸಾರದಿಂದಲೇ ಆದುದು. ಅದನ್ನು ಹರಿದರೆ ಬಡವನ ಮನೆಯನ್ನೂ ಅಡುಗೆಯನ್ನೂ ಒಟ್ಟಿಗೆ ಕಿತ್ತುಕೊಂಡಂತೆ. ತಲೆ ತಗ್ಗಿಸಿ ಕೆಳಗಿನಿಂದ ನುಸುಳಿದರೆ ನಮಗೆ ಯಾವ ಕುಂದೂ ಇಲ್ಲ.

ಮುಂದೆ ಎಲೆಗಳನ್ನು ಸೇರಿಸಿ ಹೊಲಿದ ಚೆಂಡಿನಂತಹ ಗೂಡು ಕಂಡರೆ ಅದು ಚಗಳಿ ಇರುವೆಯದು. ಮಲೆನಾಡಿನ ಗೃಹಿಣಿಯರಿಗೆ ಚಗಳಿ ಚಟ್ನಿಯ ಪರಿಚಯವಿದ್ದೇ ಇರುವುದು. ಈ ಕೆಂಪಿರುವೆಗಳು ಸಾಲಾಗಿ ನಿಂತು, ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು, ಎರಡು ಎಲೆಗಳ ಅಂಚನ್ನು ಹತ್ತಿರಕ್ಕೆ ಎಳೆಯುವುವು. ಅಷ್ಟರಲ್ಲಿ ಬೇರೆ ಕೆಲವು ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು, ಅವುಗಳ ಬಾಯಿಂದ ಹೊರಡುವ ರೇಷ್ಮೆಯ ಎಳೆಯಿಂದ ಆ ಅಂಚುಗಳನ್ನು ಬೆಸೆಯುವುವು. ನೇಕಾರನ ಲಾಳಿಯು ಆಚೀಚೆ ಓಡಾಡುವಂತೆ ಮರಿಹುಳುವು ಓಡಾಡುವುದು. ಮನೆಯ ಕೂಸೇ ಮನೆ ಕಟ್ಟುವ ಸಾಧನವಾಗುವ ಇಂತಹ ಸಂಸಾರವು ಎಷ್ಟು ಅಪೂರ್ವ!

ಈ ಇರುವೆಗಳ ಸಾಲಿನ ಬಳಿ ಒಂಟಿಯಾಗಿ ಅಲೆಯುವ ಇನ್ನೊಂದು ಇರುವೆಯನ್ನು ಕಂಡರೆ ಅದರ ಕಾಲುಗಳನ್ನು ಎಣಿಸಿರಿ. ಅವು ಎಂಟಾದರೆ ಅದು ಇರುವೆಯಲ್ಲ, ಇರುವೆಯ ವೇಷ ತೊಟ್ಟ ಜೇಡ. ಬಣ್ಣವು ಅದೇ, ನಡಿಗೆಯು ಅದೇ, ಸೊಂಟವೂ ಅಷ್ಟೇ ಸಣ್ಣ. ಮುಂದಿನ ಎರಡು ಕಾಲುಗಳನ್ನು ಮೇಲಕ್ಕೆತ್ತಿ ಮೀಸೆಯಂತೆ ಆಡಿಸುವುದರಲ್ಲಿಯೂ ಅದು ನಿಪುಣ. ಚಗಳಿಯ ಕಡಿತಕ್ಕೆ ಅಂಜಿ ಹಕ್ಕಿಗಳೂ ಕಣಜಗಳೂ ದೂರವಿರುವುದರಿಂದ ಈ ವೇಷವೇ ಅದಕ್ಕೆ ಕವಚ. ಆದರೆ ಬೆದರಿದೊಡನೆ ಅದು ಒಂದು ಎಳೆಯನ್ನು ಬಿಟ್ಟು ಕೆಳಗೆ ಜೋತುಬೀಳುವುದು. ಆಗ ಬಣ್ಣ ಬಯಲಾಗುವುದು. ಇದರ ಚಿತ್ರವನ್ನು ತೆಗೆಯುವವರು ಮೇಲಿನಿಂದ ತೆಗೆಯದೆ ಪಕ್ಕದಿಂದ ತೆಗೆಯಬೇಕು. ಕಾಲುಗಳ ಸಂಖ್ಯೆಯೂ ಸೊಂಟದ ಚೆಲುವೂ ಆಗಲೇ ತೋರುವುವು.

ವೇಷಧಾರಿಗಳಲ್ಲಿ ಇನ್ನೂ ಹಲವರುಂಟು. ಒಣಗಿದ ಎಲೆಯನ್ನು ಹೋಲುವ ಚಿಟ್ಟೆಯೊಂದು ಪಶ್ಚಿಮಘಟ್ಟದಲ್ಲಿರುವುದು. ರೆಕ್ಕೆ ಬಿಚ್ಚಿದಾಗ ಕಡುನೀಲಿ. ಮುಚ್ಚಿದೊಡನೆ ನಡುನರವೂ ತೊಟ್ಟೂ ಉಳ್ಳ ತರಗೆಲೆ. ಕಣ್ಣೆದುರಿಗೆ ಹಾರಿಹೋದ ನೀಲಿಯು ಕಣ್ಣೆದುರಿಗೇ ಮಾಯವಾಗುವುದನ್ನು ಕಂಡ ಮಕ್ಕಳು ಬಹುಕಾಲ ಮರೆಯಲಾರರು. ಕಡ್ಡಿಯಂತೆಯೇ ಇರುವ ಕಡ್ಡಿಹುಳು, ಕೈಮುಗಿದು ನಿಂತಂತೆ ಕಾಣುವ ಸೂರ್ಯನ ಕುದುರೆ, ಇವುಗಳನ್ನು ಹುಡುಕುವುದೇ ಒಂದು ಆಟ. ಸೂರ್ಯನ ಕುದುರೆಯ ಕಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ಇರುವಂತೆ ತೋರಿ, ನಾವು ಎತ್ತ ಸರಿದರೂ ಆ ಚುಕ್ಕೆಯು ನಮ್ಮನ್ನೇ ಹಿಂಬಾಲಿಸುವಂತೆ ಕಾಣುವುದು. ಅದು ನಿಜವಾದ ಪಾಪೆಯಲ್ಲ. ಸಾವಿರಾರು ಕಿರುಗಣ್ಣುಗಳು ಕೂಡಿ ಆದ ಆ ಕಣ್ಣಿನಲ್ಲಿ ನಮಗೆ ನೇರವಾಗಿರುವ ಭಾಗವು ಬೆಳಕನ್ನು ಹೀರಿಕೊಂಡು ಕಪ್ಪಾಗಿ ತೋರುವುದಷ್ಟೇ.

ನಿಜವಾಗಿಯೂ ನಮ್ಮನ್ನು ನೋಡುವ ಜೀವಿಯೊಂದುಂಟು. ಅದೇ ನೆಗೆಯುವ ಜೇಡ. ಇದು ಬೇಟೆಗಾಗಿ ಬಲೆ ನೇಯುವುದಿಲ್ಲ. ಹುಲಿಯಂತೆ ಹೊಂಚಿ ನೆಗೆಯುವುದು. ನೆಗೆಯುವ ಮುನ್ನ ಒಂದು ಎಳೆಯನ್ನು ನೆಲೆಗೆ ಅಂಟಿಸಿಕೊಳ್ಳುವುದರಿಂದ ತಪ್ಪಿ ಬಿದ್ದರೂ ಅಪಾಯವಿಲ್ಲ. ಎಂಟು ಕಣ್ಣುಗಳಲ್ಲಿ ಮುಂದಿನ ನಡುವಿನ ಎರಡು ದೀಪದಂತೆ ದೊಡ್ಡವು. ಆ ಕಣ್ಣಿನ ಮಸೂರವು ಅಲುಗದು. ಒಳಗಿನ ನೋಟದ ಪರದೆಯು ಆಚೀಚೆ ಸರಿಯುವುದರಿಂದ ನಾವು ನೋಡುತ್ತಿರುವಂತೆಯೇ ಕಣ್ಣಿನ ಬಣ್ಣವು ಬದಲಾಗುವುದು. ಮಸೂರವನ್ನು ಹತ್ತಿರ ಹಿಡಿದರೆ ಓಡಿಹೋಗುವ ಬದಲು ಅನೇಕ ವೇಳೆ ನಮ್ಮ ಕಡೆಗೆ ತಿರುಗಿ ನಿಲ್ಲುವುದು. ಹೊಸಬರಿಗೆ ಇದಕ್ಕಿಂತ ಉಪಕಾರಿಯಾದ ಜೀವಿ ಇನ್ನಿಲ್ಲ. ಇದನ್ನು ಕಾಣಲು ಕಾಡಿಗೇ ಹೋಗಬೇಕೆಂದೂ ಇಲ್ಲ. ನಮ್ಮ ಮನೆಯ ಗೋಡೆಯ ಮೇಲೆಯೇ ಅದರ ಬಳಗದವು ನೊಣ ಹಿಡಿಯುತ್ತಿರುವುವು.

ಹಳ್ಳವನ್ನು ದಾಟುವ ಎಡೆಯಲ್ಲಿ ಒದ್ದೆ ಮರಳಿನ ಮೇಲೆ ಚಿಟ್ಟೆಗಳ ಹಿಂಡು ಕುಳಿತಿರುವುದುಂಟು. ಇವು ಬಹುತೇಕ ಗಂಡುಗಳು. ಹೂವಿನ ಮಕರಂದದಲ್ಲಿ ದೊರೆಯದ ಲವಣಗಳನ್ನು ಕೆಸರಿನಿಂದ ಹೀರಲು ಬಂದಿರುವುವು. ಮೆಲ್ಲನೆ ಬಗ್ಗಿ, ನೆರಳು ಅವುಗಳ ಮೇಲೆ ಬೀಳದಂತೆ ಸಮೀಪಿಸಿದರೆ ಬಹಳ ಹತ್ತಿರದವರೆಗೂ ಬಿಟ್ಟುಕೊಡುವುವು. ಮೇಲೆ ಮರದೆತ್ತರದಲ್ಲಿ ಕಪ್ಪು ಹಳದಿಯ ದೊಡ್ಡ ಚಿಟ್ಟೆಯೊಂದು ಹಕ್ಕಿಯಂತೆ ತೇಲಿಹೋದರೆ ಅದು ನಮ್ಮ ಕರ್ನಾಟಕದ ರಾಜ್ಯಚಿಟ್ಟೆ, ಬರ್ಡ್‌ವಿಂಗ್. ರೆಕ್ಕೆಗಳ ಅಗಲವು ೧೪ರಿಂದ ೧೯ ಸೆಂಟಿಮೀಟರು. ಇದರ ಮರಿಹುಳುವು ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನು ಮಾತ್ರ ತಿಂದು ಬೆಳೆಯುವುದು. ಬಳ್ಳಿಯನ್ನು ಕಿತ್ತ ಕಡೆಯಲ್ಲಿ ಚಿಟ್ಟೆಯೂ ಇಲ್ಲ. ಒಂದು ಚಿಟ್ಟೆಯ ಚಿತ್ರದೊಂದಿಗೆ ಅದರ ಗಿಡದ ಚಿತ್ರವನ್ನೂ ತೆಗೆದಿಡಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ಇಲ್ಲಿಯವರೆಗೆ ಹೇಳಿದುದು ಬಗೆ; ಇನ್ನು ಹೇಳಬೇಕಾದುದು ನಡತೆ. ನಮ್ಮ ಕಾಲದಲ್ಲಿ ಚಿತ್ರವನ್ನು ಮೆಚ್ಚುವವರು ಹೆಚ್ಚಿದಂತೆಲ್ಲ ಅದಕ್ಕಾಗಿ ಜೀವಿಯನ್ನು ಪೀಡಿಸುವ ದುರಭ್ಯಾಸವೂ ಹೆಚ್ಚಿರುವುದು. ಅಲುಗದಿರಲೆಂದು ಕೀಟವನ್ನು ಡಬ್ಬಿಯಲ್ಲಿ ಹಾಕಿ ಶೀತಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸುವವರುಂಟು. ಅಂಟು ಹಚ್ಚಿ ಕೊಂಬೆಯ ಮೇಲೆ ಕೂರಿಸುವವರುಂಟು. ಇಬ್ಬನಿ ಕಾಣಲೆಂದು ಬಲೆಗೆ ನೀರೆರಚುವವರೂ, ಹಿನ್ನೆಲೆಯು ಶುದ್ಧವಾಗಲೆಂದು ಸುತ್ತಲಿನ ಗಿಡಗಳನ್ನು ಸವರುವವರೂ ಉಂಟು. ಮರೆಗಾಗಿ ಇದ್ದ ಎಲೆಗಳನ್ನು ಸವರಿದ ಮೇಲೆ ಅಲ್ಲಿ ಅಡಗಿದ್ದ ಮರಿಹುಳುವಿನ ಗತಿಯೇನು? ಚಿತ್ರಗಾರನು ಮನೆಗೆ ಹೋಗುವನು. ಹಕ್ಕಿಯು ಅಲ್ಲಿಗೆ ಬರುವುದು.

ಅಂತಹ ಚಿತ್ರಗಳು ಸುಳ್ಳೂ ಹೌದು. ಮರಗಟ್ಟಿದ ಕೀಟದ ಕಾಲುಗಳು ಸಹಜವಾಗಿ ನಿಲ್ಲುವುದಿಲ್ಲ. ಬಲ್ಲವರ ಕಣ್ಣಿಗೆ ಅದು ಕೂಡಲೇ ತಿಳಿಯುವುದು. ಹೆಣಕ್ಕೆ ಬಣ್ಣ ಬಳಿದು ಇದು ನನ್ನ ಗೆಳೆಯನ ಭಾವಚಿತ್ರವೆಂದು ತೋರಿಸುವುದರಲ್ಲಿ ಯಾವ ಹೆಮ್ಮೆ? ತೋಳಜೇಡವೆಂಬ ನೆಲವಾಸಿ ಜೇಡವೊಂದುಂಟು. ಅದರ ತಾಯಿಯು ಮೊಟ್ಟೆಗಳ ಬಿಳಿಯ ಉಂಡೆಯನ್ನು ಮೈಯ ಹಿಂಭಾಗಕ್ಕೆ ಅಂಟಿಸಿಕೊಂಡು ಹೋದಲ್ಲೆಲ್ಲ ಹೊತ್ತು ತಿರುಗುವುದು. ಮರಿಗಳು ಹೊರಬಂದ ಮೇಲೆ ಅವನ್ನೆಲ್ಲ ಬೆನ್ನ ಮೇಲೆ ಏರಿಸಿಕೊಂಡು ಕೆಲವು ದಿನ ಸಾಕುವುದು. ಕಡ್ಡಿಯಿಂದ ಕೆದಕಿದರೆ ಮರಿಗಳು ಚೆಲ್ಲಾಪಿಲ್ಲಿಯಾಗುವುವು. ಮಕ್ಕಳ ತಾಯಂದಿರಾದ ನಮ್ಮ ವಾಚಕಿಯರಿಗೆ ಇದಕ್ಕಿಂತ ಹೆಚ್ಚಿಗೆ ಹೇಳಬೇಕಾಗಿಲ್ಲ. ನಾವು ಹಿಂದಿರುಗಿದ ಮೇಲೆ ಆ ಜೀವಿಯು ಮೊದಲಿದ್ದ ಎಡೆಯಲ್ಲಿಯೇ ಮೊದಲು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿರುವುದಾದರೆ ಆ ಚಿತ್ರವು ಉತ್ತಮವಾದುದು. ಚಿತ್ರದ ಬೆಲೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾವು ಕಾಣೆವು.

ಮೂಡಿಗೆರೆಯಲ್ಲಿ ನೆಲಸಿ, ಕಾಡಿನ ಬದುಕನ್ನು ಲೇಖನಿಯಿಂದಲೂ ಕ್ಯಾಮೆರಾದಿಂದಲೂ ನಮಗೆ ತೋರಿಸಿಕೊಟ್ಟ ಪೂರ್ಣಚಂದ್ರ ತೇಜಸ್ವಿಯವರ (೧೯೩೮–೨೦೦೭) ‘ಕರ್ವಾಲೊ’ ಕಾದಂಬರಿಯನ್ನು ವಾಚಕರು ಓದಿರಬಹುದು. ೧೯೮೦ರಲ್ಲಿ ಪ್ರಕಟವಾದ ಆ ಕಥೆಯಲ್ಲಿ ಹಾರುವ ಓತಿಯನ್ನು ಅರಸಿ ಕಾಡಿಗೆ ಹೋಗುವವರ ಜೊತೆಯಲ್ಲಿ ಚಿತ್ರ ತೆಗೆಯುವವನೂ ಇರುವನು. ಕೊನೆಗೆ ಓತಿಯು ಯಾರ ಕೈಗೂ ಸೇರದೆ ಹಾರಿಹೋಗುವುದು. ಹೋದವರು ಬರಿಗೈಯಲ್ಲಿ ಬಂದರೆಂದು ಆ ಕಥೆಯನ್ನು ಓದಿದ ಯಾರೂ ಹೇಳಲಾರರು.

ಇದು ಕಥೆಯ ಮಾತಾಯಿತೆನ್ನುವವರಿಗಾಗಿ ನಡೆದ ಸಂಗತಿಯೊಂದನ್ನು ಹೇಳುವೆವು. ೨೦೧೧ರ ಮೇ ತಿಂಗಳಿನಲ್ಲಿ ಮಲೇಷಿಯಾ ದೇಶದ ಸೆಲಂಗೋರ್ ಪ್ರಾಂತದ ಕಾಡಿನಲ್ಲಿ ಗುವೆಕ್ ಹಾಕ್ ಪಿಂಗ್ ಎಂಬ ಹವ್ಯಾಸಿಯು ಬಲೆಯಂತಹ ರೆಕ್ಕೆಗಳುಳ್ಳ ಹಸಿರು ಕೀಟವೊಂದರ ಚಿತ್ರವನ್ನು ತೆಗೆದನು. ರೆಕ್ಕೆಯ ಬುಡದಲ್ಲಿ ಕಪ್ಪು ಗೆರೆಗಳ ಜಾಲ, ನಡುವೆ ನೀಲಿಯ ಚುಕ್ಕೆ. ಚಿತ್ರ ತೆಗೆದಾದ ಮೇಲೆ ಕೀಟವು ಹಾರಿಹೋಯಿತು. ಆತನು ಚಿತ್ರವನ್ನು ಅಂತರಜಾಲದಲ್ಲಿ ಪ್ರಕಟಿಸಿದನು. ಕ್ಯಾಲಿಫೋರ್ನಿಯದಲ್ಲಿದ್ದ ಶಾನ್ ವಿಂಟರ್‌ಟನ್ ಎಂಬ ಕೀಟಶಾಸ್ತ್ರಜ್ಞನು ಅದನ್ನು ಅಕಸ್ಮಾತ್ತಾಗಿ ನೋಡಿ, ಇದು ತಾನು ಎಂದೂ ಕಂಡರಿಯದ ಜಾತಿಯೆಂದು ಬೆರಗಾದನು. ಶಾಸ್ತ್ರದ ಪ್ರಕಾರ ಹೆಸರಿಡಬೇಕಾದರೆ ಒಂದು ಮಾದರಿ ಬೇಕು. ಹವ್ಯಾಸಿಯು ಮತ್ತೆ ಅದೇ ಕಾಡಿಗೆ ಹೋದಾಗ ಅಂತಹುದೇ ಕೀಟವು ದೊರೆತು, ಅದನ್ನು ಲಂಡನ್ನಿನ ವಸ್ತುಸಂಗ್ರಹಾಲಯದ ತಜ್ಞರಿಗೆ ಕಳುಹಿಸಲಾಯಿತು. ಅಲ್ಲಿ ಎಷ್ಟೋ ವರ್ಷಗಳಿಂದ ಹೆಸರಿಲ್ಲದೆ ಕುಳಿತಿದ್ದ ಇನ್ನೊಂದು ಮಾದರಿಯೂ ಅದೇ ಜಾತಿಯದೆಂದು ತಿಳಿಯಿತು. ೨೦೧೨ರಲ್ಲಿ ಅದಕ್ಕೆ ‘ಸೆಮಾಕ್ರೈಸ ಜೇಡ್’ ಎಂದು ನಾಮಕರಣವಾಯಿತು. ಇದು ನಮ್ಮ ಜೇಡವಲ್ಲ. ವಿಂಟರ್‌ಟನ್ನನ ಮಗಳ ಹೆಸರು! ಮಾದರಿಯನ್ನು ಹಿಡಿಯುವುದು ಶಾಸ್ತ್ರಜ್ಞರ ಮಾರ್ಗದರ್ಶನವೂ ಸರ್ಕಾರದ ಅಪ್ಪಣೆಯೂ ಇದ್ದಾಗ ಮಾತ್ರ ಸಲ್ಲುವ ಕೆಲಸ. ನಮ್ಮ ನಿಮ್ಮ ಕೆಲಸವಲ್ಲ. ಆದರೆ ಒಳ್ಳೆಯದೊಂದು ಚಿತ್ರವು, ಜೀವಿಯು ಹಾರಿಹೋದ ಮೇಲೆಯೂ, ಲೋಕದ ತಿಳಿವಳಿಕೆಗೆ ಒಂದು ಕಾಳನ್ನು ಸೇರಿಸಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಆದಕಾರಣ ಚಿತ್ರವನ್ನು ತೆಗೆದು ಅಷ್ಟಕ್ಕೇ ಬಿಡಬಾರದು. ದಿನಾಂಕ, ಊರು, ಹೊತ್ತು, ಕುಳಿತಿದ್ದ ಗಿಡ, ಅಂದಾಜು ಗಾತ್ರ, ಇವನ್ನು ಮನೆಯ ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಯಿಸಿಡಿರಿ. ಸಾಧ್ಯವಾದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಎದುರಿನಿಂದ ಒಂದು, ಹೀಗೆ ಮೂರು ಚಿತ್ರಗಳಿರಲಿ. ಇಂತಹ ಚಿತ್ರಗಳನ್ನು ಸ್ವೀಕರಿಸಿ ಹೆಸರು ಗುರುತಿಸಲು ನೆರವಾಗುವ ಅಂತರಜಾಲದ ಭಂಡಾರಗಳು ಈಗ ಉಂಟು. ಭಾರತದ ಜೀವವೈವಿಧ್ಯಕ್ಕಾಗಿಯೇ ಮೀಸಲಾದುದೂ ಒಂದುಂಟು. ಆದರೆ ಅಪರೂಪದ ಜೀವಿಯು ಸಿಕ್ಕಿದ ನಿಖರವಾದ ಎಡೆಯನ್ನು ಊರಿಗೆಲ್ಲ ಸಾರುವುದು ಒಳ್ಳೆಯದಲ್ಲ. ಚಿಟ್ಟೆ, ದುಂಬಿಗಳನ್ನು ಹಿಡಿದು ಮಾರುವವರೂ ಓದಬಲ್ಲವರೇ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಹಲವು ಚಿಟ್ಟೆಗಳಿಗೆ ರಕ್ಷಣೆ ಕೊಟ್ಟಿರುವುದು. ಅವನ್ನು ಹಿಡಿಯುವುದು ಶಿಕ್ಷಾರ್ಹವಾದ ಅಪರಾಧ.

ಕ್ಷೇಮದ ವಿಚಾರವಾಗಿ ನಾಲ್ಕು ಮಾತು. ಅರಣ್ಯ ಇಲಾಖೆಯ ಅಪ್ಪಣೆ ಬೇಕಾದ ಹಾದಿಗಳಿಗೆ ಅದನ್ನು ಪಡೆದೇ, ದಾರಿ ಬಲ್ಲ ಸ್ಥಳೀಯರೊಬ್ಬರೊಡನೆ ಹೋಗತಕ್ಕದ್ದು. ಹಾದಿಯನ್ನು ಬಿಟ್ಟು ಒಳಗೆ ನುಗ್ಗಬಾರದು. ಮಂಡಿಯೂರುವ ಮುನ್ನ ನೆಲವನ್ನು ಕೋಲಿನಿಂದ ತಟ್ಟಿ ನೋಡಬೇಕು. ತರಗಿನಲ್ಲಿಯೂ ಪೊದೆಯ ಮೇಲೂ ಗುಳಿಮಂಡಲದ ಹಾವು ಎಲೆಯ ಬಣ್ಣದಲ್ಲಿಯೇ ಬೆರೆತಿರುವುದು. ಕಂಬಳಿಹುಳುವಿನ ರೋಮವು ಚರ್ಮಕ್ಕೆ ತಾಗಿದರೆ ಉರಿ, ತುರಿಕೆ ತಪ್ಪದು. ಮಕ್ಕಳು ಅದನ್ನು ಮುಟ್ಟದಂತೆ ಮೊದಲೇ ತಿಳಿಸಿರಿ. ತೇವವಿರುವ ದಿನಗಳಲ್ಲಿ ಇಂಬಳಗಳ ಕಾಟವು ಇದ್ದೇ ಇರುವುದು, ಉದ್ದನೆಯ ಕಾಲುಚೀಲವಿರಲಿ. ಕತ್ತಲಾದ ಮೇಲೆ ಮಿಂಚುಹುಳುಗಳನ್ನು ನೋಡಲು ನಿಂತಾಗ ಫ್ಲ್ಯಾಷ್ ದೀಪವನ್ನೂ ಕೈದೀಪವನ್ನೂ ಆರಿಸಿಬಿಡಿರಿ. ಆ ಮಿಣುಕು ಗಂಡುಹೆಣ್ಣುಗಳು ಒಂದನ್ನೊಂದು ಕರೆಯುವ ಭಾಷೆ. ನಮ್ಮ ಬೆಳಕಿನ ಗದ್ದಲದಲ್ಲಿ ಆ ಮಾತು ಕೇಳದೆ ಹೋಗುವುದು.

ಮಲೆನಾಡಿಗೆ ಹೋಗುವ ಅನುಕೂಲವಿಲ್ಲದವರು ನಿರಾಶರಾಗಬೇಕಾಗಿಲ್ಲ. ಹಿತ್ತಲಿನ ಕರಿಬೇವಿನ ಗಿಡ, ದಾಸವಾಳದ ಪೊದೆ, ಬಚ್ಚಲ ಹಿಂದಿನ ಕೆಸುವಿನ ಮಡಿ, ಇವೂ ಒಂದೊಂದು ಕಾಡುದಾರಿಯೇ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಬಿದ್ದಿರುವುದು ಚಿಟ್ಟೆಯ ಎಳೆಯ ಮರಿಹುಳುವಾಗಿರಬಹುದು. ಒಗ್ಗರಣೆಗೆ ಸೊಪ್ಪು ಕೀಳುವ ಮುನ್ನ ಒಮ್ಮೆ ಬಗ್ಗಿ ನೋಡಿರಿ. ‘ಅಯ್ಯೋ ಹುಳು’ ಎಂದು ಚಪ್ಪಲಿಯನ್ನು ಹುಡುಕುತ್ತಿದ್ದ ಮಗುವು ‘ಅಮ್ಮಾ, ಇದಕ್ಕೆ ಎಷ್ಟು ಕಣ್ಣು!’ ಎಂದು ಕೇಳುವಂತಾದರೆ, ಚಿತ್ರವು ಮಸುಕಾಗಿ ಬಂದರೂ ಚಿಂತೆಯಿಲ್ಲ.